ಕಣ್ಣಿನ ಖಾತೆಯಲ್ಲಿ ಬಾಕಿ ಉಳಿಸಬಾರದು

ನಮ್ಮ ಸಂಸ್ಥೆಯ ಈ ಮಾಸಪತ್ರಿಕೆಯಲ್ಲಿ ತೆರಿಗೆ ಹಾಗೂ ಲೆಕ್ಕಪತ್ರಗಳ ವಿಷಯವಾಗಿ ನಾನು ಆಗಾಗ ಬರೆಯುತ್ತ ಬಂದಿದ್ದೇನೆ. ಈ ಬಾರಿ ಆಯ್ದುಕೊಂಡಿರುವ ವಿಷಯ ಕಣ್ಣಿನ ಪೊರೆ ಮತ್ತು ಅದರ ಶಸ್ತ್ರಚಿಕಿತ್ಸೆ. ಲೆಕ್ಕಪರಿಶೋಧಕನಿಗೂ ನೇತ್ರಚಿಕಿತ್ಸೆಗೂ ಏನು ಸಂಬಂಧವೆಂದು ಸದಸ್ಯ ಬಾಂಧವರು ಕೇಳಬಹುದು. ಸಂಬಂಧವಿದೆ. ನಾನು ಕೊಟ್ಟ ಒಂದು ಸಲಹೆಯನ್ನು ನಂಬಿ ನಮ್ಮಲ್ಲೇ ಒಬ್ಬ ವರ್ತಕರು ತಮ್ಮ ಬಲಗಣ್ಣಿನ ದೃಷ್ಟಿಯನ್ನು ಕಳೆದುಕೊಂಡಿದ್ದಾರೆ. ಅವರ ಒಪ್ಪಿಗೆ ಪಡೆದು, ಹೆಸರನ್ನು ಮಾತ್ರ ಬಿಟ್ಟು, ನಡೆದುದನ್ನು ನಡೆದಂತೆ ಇಲ್ಲಿ ನಿವೇದಿಸುತ್ತಿದ್ದೇನೆ. ಇನ್ನೊಬ್ಬರಿಗೆ ಇದೇ ಗತಿ ಬಾರದಿರಲಿ ಎಂಬುದಷ್ಟೇ ಉದ್ದೇಶ.

ನಾನು ಕೊಟ್ಟ ತಪ್ಪು ಸಲಹೆ

ಅವರು ದಾವಣಗೆರೆಯ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವವರು. ಮೂವತ್ತು ವರ್ಷಗಳಿಂದ ಅವರ ಲೆಕ್ಕಪತ್ರಗಳನ್ನು ನಾನೇ ನೋಡುತ್ತಿದ್ದೇನೆ. ಒಂದು ದಿನ ನಮ್ಮ ಊರಿನ ನೇತ್ರತಜ್ಞರ ಚೀಟಿಯನ್ನು ಹಿಡಿದು ಕಚೇರಿಗೆ ಬಂದರು. ಎರಡೂ ಕಣ್ಣುಗಳಲ್ಲಿ ಪೊರೆ ಬಂದಿದೆ, ಬಲಗಣ್ಣಿನದು ಸಾಕಷ್ಟು ಬಲಿತಿದೆ, ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕು ಎಂದು ವೈದ್ಯರು ಬರೆದಿದ್ದರು. ವರ್ತಕರ ಪ್ರಶ್ನೆ ಒಂದೇ ಆಗಿತ್ತು: "ವಿಮೆಯಿಂದ ಹಣ ಬರುತ್ತದೆಯೋ ಇಲ್ಲವೋ ಸ್ವಲ್ಪ ನೋಡಿ."

ಪಾಲಿಸಿಯನ್ನು ಓದಿದೆ. ಆರೋಗ್ಯ ವಿಮೆಯ ಹೆಚ್ಚಿನ ಪಾಲಿಸಿಗಳಲ್ಲಿ ಇರುವಂತೆ ಅದರಲ್ಲಿಯೂ ಕಣ್ಣಿನ ಪೊರೆಗೆ 24 ತಿಂಗಳ ಕಾಯುವ ಅವಧಿ ಇತ್ತು. 13 ತಿಂಗಳು ಕಳೆದಿದ್ದವು, 11 ತಿಂಗಳು ಉಳಿದಿದ್ದವು. "ಪೊರೆ ತಾನೇ, ಅವಸರವೇನು? ಹನ್ನೊಂದು ತಿಂಗಳು ತಡೆಯಿರಿ, ಮೂವತ್ತು ಸಾವಿರ ಉಳಿಯುತ್ತದೆ" ಎಂದೆ. ಅವರಿಗೂ ಆ ಮಾತು ಹಿತವಾಯಿತು. ಮುಂದೆ ಮೆಕ್ಕೆಜೋಳದ ಸುಗ್ಗಿ, ಬಳಿಕ ವರ್ಷಾಂತ್ಯದ ಲೆಕ್ಕ. ನೆಪಗಳಿಗೆ ಕೊರತೆ ಇರಲಿಲ್ಲ. ಮೂರು ತಿಂಗಳಿಗೊಮ್ಮೆಯಾದರೂ ಬಂದು ತೋರಿಸಿಕೊಳ್ಳಿ ಎಂದು ವೈದ್ಯರು ಹೇಳಿದ್ದರು. ಅದಕ್ಕೂ ಹೋಗಲಿಲ್ಲ.

ಎಂಟನೆಯ ತಿಂಗಳಿನಲ್ಲಿ ಒಂದು ರಾತ್ರಿ ಬಲಗಣ್ಣು ಕೆಂಪಾಯಿತು. ಸಹಿಸಲಾರದ ನೋವು, ತಲೆಸಿಡಿತ, ವಾಂತಿ. ಪಿತ್ತವಿರಬೇಕೆಂದು ಭಾವಿಸಿ ನೋವಿನ ಮಾತ್ರೆ ನುಂಗಿದರು. ಸುಗ್ಗಿಯ ದಿನಗಳಾದ್ದರಿಂದ ಮರುದಿನ ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡೇ ಹರಾಜಿಗೆ ಹೋದರು. ಮೂರನೆಯ ದಿನ ವೈದ್ಯರ ಬಳಿಗೆ ಹೋದಾಗ ಕಣ್ಣಿನೊಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರಿತ್ತು. ಅತಿಯಾಗಿ ಬಲಿತ ಪೊರೆ ಊದಿಕೊಂಡು, ಇಲ್ಲವೇ ಒಳಗೇ ಸೋರಿ, ಹೀಗೆ ಒತ್ತಡವನ್ನು ಹೆಚ್ಚಿಸಬಲ್ಲದಂತೆ. ಒತ್ತಡವನ್ನು ಇಳಿಸಿ ಶಸ್ತ್ರಚಿಕಿತ್ಸೆಯನ್ನೇನೋ ಮಾಡಿದರು. ಆದರೆ ಅಷ್ಟರಲ್ಲಿ ದೃಷ್ಟಿನರಕ್ಕೆ ಹಾನಿಯಾಗಿಬಿಟ್ಟಿತ್ತು. ಪೊರೆಯನ್ನು ತೆಗೆಯಬಹುದು, ಹಾಳಾದ ನರವನ್ನು ಮರಳಿ ತರುವ ವಿದ್ಯೆ ಇಂದಿಗೂ ಇಲ್ಲ. ಇಂದು ಆ ಕಣ್ಣಿಗೆ ಬೆಳಕು ಕಾಣುತ್ತದೆ, ಎದುರಿಗೆ ಕೈಯಾಡಿಸಿದರೆ ತಿಳಿಯುತ್ತದೆ, ಅಷ್ಟೇ.

ಇದರಲ್ಲಿ ವಿಮಾ ಕಂಪನಿಯ ತಪ್ಪಿಲ್ಲ. ಷರತ್ತು ಪಾಲಿಸಿಯಲ್ಲಿ ಅಚ್ಚಾಗಿತ್ತು. ವೈದ್ಯರ ತಪ್ಪೂ ಇಲ್ಲ. ಅವರು ಬರೆದೇ ಕೊಟ್ಟಿದ್ದರು. ತಪ್ಪು ನನ್ನದು. ನನಗೆ ತಿಳಿದ ವಿಷಯದ ಅಳತೆಗೋಲಿನಿಂದ ನನಗೆ ತಿಳಿಯದ ವಿಷಯವನ್ನು ಅಳೆದೆ. ಲೆಕ್ಕವಾದರೂ ಸರಿಯಿತ್ತೇ ಎಂದು ನೋಡಿದರೆ ಅದೂ ಸರಿಯಿರಲಿಲ್ಲ. 200 ಕ್ವಿಂಟಲಿನ ಮೂರು ಲಾರಿ ಮೆಕ್ಕೆಜೋಳಕ್ಕೆ ಕ್ವಿಂಟಲಿಗೆ 50 ರೂ. ದರ ಇಳಿದರೆ 30,000 ರೂ. ಹೋಗುತ್ತದೆ. ಸುಗ್ಗಿಯಲ್ಲಿ ಅಷ್ಟು ಏರಿಳಿತವನ್ನು ಅವರು ಒಂದು ಲೋಟ ಚಹಾ ಕುಡಿಯುತ್ತ ಸಹಿಸಿಕೊಳ್ಳುವವರು. ಅಂಥವರನ್ನು ಅಷ್ಟೇ ಹಣಕ್ಕಾಗಿ ಹನ್ನೊಂದು ತಿಂಗಳು ಕತ್ತಲೆಯ ಬಾಗಿಲಿನಲ್ಲಿ ನಿಲ್ಲಿಸಿದೆ.

"ಹಣ್ಣಾಗಲಿ" ಎಂಬ ಹಳೆಯ ಮಾತು

ನನ್ನ ಸಲಹೆ ಅಷ್ಟು ಸುಲಭವಾಗಿ ಬಾಯಿಗೆ ಬರಲು ಇನ್ನೊಂದು ಕಾರಣವಿತ್ತು. ಪೊರೆ ಹಣ್ಣಾದ ಮೇಲೆಯೇ ತೆಗೆಸಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತು ನಮ್ಮೆಲ್ಲರ ತಲೆಯಲ್ಲಿ ಇಂದಿಗೂ ಕುಳಿತಿದೆ. ಅವರ ಕಾಲಕ್ಕೆ ಆ ಮಾತು ಸರಿಯಾಗಿಯೇ ಇತ್ತು. ಆಗ ಕಣ್ಣಿನ ಮಸೂರವನ್ನು ಇಡಿಯಾಗಿ ಹೊರತೆಗೆಯುತ್ತಿದ್ದರು, ಅದರ ಸ್ಥಾನದಲ್ಲಿ ಏನನ್ನೂ ಇಡುತ್ತಿರಲಿಲ್ಲ. ರೋಗಿಗೆ ಉಳಿಯುತ್ತಿದ್ದುದು ದಪ್ಪ ಗಾಜಿನ ಸೋಡಾಬುಡ್ಡಿ ಕನ್ನಡಕ. ಅದರೊಳಗಿನ ನೋಟಕ್ಕಿಂತ ಅರ್ಧ ಬಲಿತ ಪೊರೆಯ ನೋಟವೇ ವಾಸಿ ಎನ್ನುವಂತಿದ್ದಾಗ ಕಾಯುವುದು ವಿವೇಕವಾಗಿತ್ತು.

ಬೀಳಗಿಯಲ್ಲಿ ಜನಿಸಿ, ಊರೂರುಗಳಲ್ಲಿ ಉಚಿತ ಶಿಬಿರಗಳನ್ನು ನಡೆಸಿ ಲಕ್ಷಾಂತರ ಬಡವರಿಗೆ ಕಣ್ಣು ಕೊಟ್ಟ ಡಾ. ಎಂ. ಸಿ. ಮೋದಿಯವರನ್ನು ನಮ್ಮ ನಾಡು ಮರೆಯುವಂತಿಲ್ಲ. ಅವರಿಗೆ 1968ರಲ್ಲಿ ಪದ್ಮಭೂಷಣ ಬಂದಿತು, 2005ರಲ್ಲಿ ಅವರು ನಿಧನರಾದರು. ಶಾಲೆಯ ಕೋಣೆಗಳಲ್ಲಿ ಸಾಲಾಗಿ ಮಲಗಿದ್ದ, ಕಣ್ಣಿಗೆ ಪಟ್ಟಿ ಕಟ್ಟಿದ್ದ ಆ ಶಿಬಿರಗಳ ಚಿತ್ರವೇ ನಮ್ಮ ತಲೆಮಾರಿನವರ ಮನಸ್ಸಿನಲ್ಲಿ ಉಳಿದಿದೆ. ಆದರೆ ಚಿಕಿತ್ಸೆ ಬದಲಾಗಿದೆ. ಲಂಡನ್ನಿನ ಹೆರಾಲ್ಡ್ ರಿಡ್ಲಿಯವರು 1949ರಲ್ಲಿ ಕಣ್ಣಿನೊಳಗೆ ಮೊದಲ ಕೃತಕ ಮಸೂರವನ್ನು ಇರಿಸಿದರು. ಅಮೆರಿಕದ ಚಾರ್ಲ್ಸ್ ಕೆಲ್ಮನ್ ಅವರು 1967ರಲ್ಲಿ ಪೊರೆಯನ್ನು ಶ್ರವಣಾತೀತ ಕಂಪನದಿಂದ ಒಡೆದು ಹೀರಿ ತೆಗೆಯುವ ಫೇಕೋ ವಿಧಾನವನ್ನು ಬಳಕೆಗೆ ತಂದರು. ನಮ್ಮ ದೇಶದಲ್ಲಿ ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಸ್ಥಾಪಿಸಿ ಮಸೂರಗಳನ್ನು ಇಲ್ಲಿಯೇ ತಯಾರಿಸತೊಡಗಿದ ಮೇಲೆ ಬೆಲೆಯೂ ಜನಸಾಮಾನ್ಯರ ಕೈಗೆ ಎಟುಕಿತು. ತಯಾರಕರಾದ ನಮ್ಮ ಸದಸ್ಯರು ಈ ಕೊನೆಯ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು.

ಇಂದು ಪೊರೆ ಹಣ್ಣಾಗುವವರೆಗೆ ಕಾಯಬೇಕಾಗಿಲ್ಲ. ಕಾದಷ್ಟೂ ಅದು ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ತೆಗೆಯುವುದು ಕಷ್ಟವಾಗುತ್ತದೆ. ಹಾಗೆಂದು ಪೊರೆಯೆಂದ ತಕ್ಷಣ ಓಡಬೇಕಾಗಿಯೂ ಇಲ್ಲ. ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗುತ್ತಿದೆಯೇ ಎಂಬುದು ಮುಖ್ಯ ಪ್ರಶ್ನೆ. ಅದನ್ನು ನಿರ್ಧರಿಸಬೇಕಾದವರು ರೋಗಿ ಮತ್ತು ನೇತ್ರತಜ್ಞರು, ಲೆಕ್ಕಪರಿಶೋಧಕರಲ್ಲ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 50 ವರ್ಷ ಮೀರಿದವರ ಅಂಧತ್ವದಲ್ಲಿ ಶೇ. 66.2ರಷ್ಟಕ್ಕೆ ಕಾರಣ ಪೊರೆಯೇ. ಇಪ್ಪತ್ತು ನಿಮಿಷಗಳ ಚಿಕಿತ್ಸೆಯಿಂದ ನಿವಾರಣೆಯಾಗುವ ಕುರುಡುತನ ಇದು ಎಂಬುದನ್ನು ನೆನೆದರೆ ವ್ಯಥೆಯಾಗುತ್ತದೆ.

ಊರಿನ ವೈದ್ಯರೇ ಏಕೆ?

ಈ ಘಟನೆ ನಡೆದು ಎರಡು ವರ್ಷಗಳಾದ ಮೇಲೆ ಪೊರೆ ನನಗೂ ಬಂದಿತು. ಒಂದು ಸವಕಳಿ ಪಟ್ಟಿಯಲ್ಲಿ 3 ಎಂಬ ಅಂಕಿಯನ್ನು 8 ಎಂದು ಓದಿ ಅನುಮೋದಿಸಿಬಿಟ್ಟಿದ್ದೆ. ತರಬೇತಿಯಲ್ಲಿದ್ದ ಹುಡುಗಿ ಅದನ್ನು ಹಿಡಿದಳು. ರಾತ್ರಿ ಚಿತ್ರದುರ್ಗದಿಂದ ಬರುವಾಗ ಎದುರಿನ ವಾಹನಗಳ ದೀಪಗಳು ಹೂವಿನಂತೆ ಅರಳಿ ರಸ್ತೆಯೇ ಮರೆಯಾಗುತ್ತಿತ್ತು. ಈ ಸಲ ನಾನು ಕಾಯಲಿಲ್ಲ.

ಬಂಧುಗಳೆಲ್ಲ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗುವಂತೆ ಒತ್ತಾಯಿಸಿದರು. ನಾನು ನಮ್ಮ ಊರಿನ ನೇತ್ರತಜ್ಞರ ಬಳಿಯೇ ಮಾಡಿಸಿಕೊಂಡೆ. ಇದು ಊರಿನ ಅಭಿಮಾನದ ಮಾತಲ್ಲ. ಕಾರಣಗಳು ಮೂರು.

ಮೊದಲನೆಯದು, ದಾಖಲೆ. ಹದಿನಾಲ್ಕು ವರ್ಷಗಳ ನನ್ನ ಕನ್ನಡಕದ ಸಂಖ್ಯೆ, ಕಣ್ಣಿನ ಒತ್ತಡ, ಅಕ್ಷಿಪಟಲದ ಸ್ಥಿತಿ ಎಲ್ಲವೂ ಅವರ ಕಡತದಲ್ಲಿದ್ದವು. ಹಿಂದಿನ ವರ್ಷಗಳ ಲೆಕ್ಕ ಕೈಯಲ್ಲಿದ್ದರೆ ಈ ವರ್ಷದ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಹೊಸದಾಗಿ ಬಂದ ಪರಿಶೋಧಕನಿಗೆ ಆ ಅನುಕೂಲವಿಲ್ಲ.

ಎರಡನೆಯದು, ಆಮೇಲಿನ ಆರೈಕೆ. ಶಸ್ತ್ರಚಿಕಿತ್ಸೆ ಇಪ್ಪತ್ತು ನಿಮಿಷದ್ದು. ಆರೈಕೆ ಒಂದೂವರೆ ತಿಂಗಳಿನದು. ಮರುದಿನ, ವಾರದ ನಂತರ, ತಿಂಗಳ ನಂತರ ತೋರಿಸಿಕೊಳ್ಳಬೇಕು. ತೀರ ಅಪರೂಪಕ್ಕೆ ಒಳಗೆ ಸೋಂಕು ತಗಲುವುದುಂಟು. ಮೊದಲ ದಿನಗಳಲ್ಲಿ ನೋವು ಹೆಚ್ಚಿ, ಕಣ್ಣು ಕೆಂಪಾಗಿ, ದೃಷ್ಟಿ ಮಂದವಾದರೆ ಗಂಟೆಗಳೊಳಗೆ ವೈದ್ಯರನ್ನು ಕಾಣಬೇಕು. ಆಗ ವೈದ್ಯರು ಹತ್ತು ನಿಮಿಷದ ದಾರಿಯಲ್ಲಿರಬೇಕೇ, ಸುಮಾರು 260 ಕಿ.ಮೀ. ದೂರದಲ್ಲಿರಬೇಕೇ ಎಂಬುದನ್ನು ವಾಚಕರೇ ಯೋಚಿಸಲಿ.

ಮೂರನೆಯದು, ವರ್ತಕರಿಗೆ ಬೇಗ ಅರ್ಥವಾಗುವಂಥದು. ನಾವು ಉದ್ದರಿ ಕೊಡುವುದು ಯಾರಿಗೆ? ನಾಳೆಯೂ ಇದೇ ಪೇಟೆಯಲ್ಲಿ ಬಾಗಿಲು ತೆರೆಯುವವನಿಗೆ. ಊರಿನ ವೈದ್ಯರು ನಾಳೆಯೂ ಇಲ್ಲಿಯೇ ಇರುತ್ತಾರೆ. ಅವರು ಮಾಡಿದ ಕೆಲಸ ಪ್ರತಿದಿನ ಅವರ ಎದುರಿಗೇ ಓಡಾಡುತ್ತದೆ. ನನಗಿಂತ ಮೊದಲು ಅವರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಐವರನ್ನು ಮಂಡಿಪೇಟೆಯಲ್ಲಿಯೇ ಕಂಡು ಮಾತನಾಡಿಸಿದೆ. ಇಂಥ ವಿಚಾರಣೆ ದೂರದ ಊರಿನಲ್ಲಿ ಸಾಧ್ಯವಿಲ್ಲ.

ಇದಕ್ಕೆ ಅಪವಾದಗಳೂ ಇವೆ. ಮಧುಮೇಹದಿಂದ ಅಕ್ಷಿಪಟಲ ಕೆಟ್ಟಿದ್ದರೆ, ಕಣ್ಣಿನ ಒತ್ತಡದ ಕಾಯಿಲೆ ಮುಂದುವರಿದಿದ್ದರೆ, ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ ದುರ್ಬಲವಾಗಿದ್ದರೆ ದೊಡ್ಡ ಸಂಸ್ಥೆಗೆ ಹೋಗುವುದೇ ಸರಿ. ಆದರೆ ಅದನ್ನು ಮೊದಲು ಕಂಡುಹಿಡಿದು ಹೇಳಬೇಕಾದವರೂ ಊರಿನ ವೈದ್ಯರೇ. "ಇದು ನನ್ನ ಕೈಯಲ್ಲಿ ಆಗುವುದಿಲ್ಲ, ಅಲ್ಲಿಗೆ ಹೋಗಿ" ಎಂದು ಸ್ಪಷ್ಟವಾಗಿ ಹೇಳುವ ವೈದ್ಯರನ್ನು ಹೆಚ್ಚು ನಂಬಿರಿ.

ಚಿಕಿತ್ಸೆಯ ದಿನ

ಭಯವಿರುವವರಿಗಾಗಿ ಎರಡು ಮಾತು. ಮೊದಲು ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷಿಸಿದರು. ಕಣ್ಣಿನ ಉದ್ದವನ್ನೂ ಮುಂಭಾಗದ ಬಾಗನ್ನೂ ಯಂತ್ರದಿಂದ ಅಳೆದು, ಆ ಅಳತೆಯಿಂದ ಒಳಗಿಡುವ ಮಸೂರದ ಶಕ್ತಿಯನ್ನು ಲೆಕ್ಕ ಹಾಕಿದರು. ಸೇವಿಸುವ ಔಷಧಿಗಳನ್ನೆಲ್ಲ ಕೇಳಿ ಬರೆದುಕೊಂಡರು. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ನುಂಗುವವರು ಅದನ್ನು ತಪ್ಪದೆ ಹೇಳಬೇಕು. ಶಸ್ತ್ರಚಿಕಿತ್ಸೆಯ ವೇಳೆ ಕಣ್ಣಿನ ಪಾಪೆ ಅದರಿಂದ ಸಡಿಲವಾಗಿ ವರ್ತಿಸುತ್ತದೆಯಂತೆ. ನಮ್ಮ ವಯಸ್ಸಿನವರಲ್ಲಿ ಅನೇಕರು ಸಂಕೋಚದಿಂದ ಈ ಸಂಗತಿಯನ್ನು ಮುಚ್ಚಿಡುತ್ತಾರೆ.

ಬೆಳಿಗ್ಗೆ ಹೋದೆ. ಚುಚ್ಚುಮದ್ದಿಲ್ಲದೆ, ಹನಿ ಹಾಕಿಯೇ ಕಣ್ಣನ್ನು ಮರಗಟ್ಟಿಸಿದರು. ಸುಮಾರು ಎರಡೂವರೆ ಮಿಲಿಮೀಟರಿನ ಕೊಯ್ತದಲ್ಲಿ ಪೊರೆಯನ್ನು ತೆಗೆದು, ಮಡಚಿದ ಮಸೂರವನ್ನು ಒಳಗೆ ಕೂರಿಸಿದರು. ಹೊಲಿಗೆ ಇಲ್ಲ. ಕಂಡದ್ದು ಪ್ರಕಾಶಮಾನವಾದ ಬೆಳಕು ಮಾತ್ರ. ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದೆ. ಮರುದಿನ ಪಟ್ಟಿ ತೆಗೆದ ಮೇಲೆ ಮೇಜಿನ ಮೇಲಿದ್ದ ಲೆಕ್ಕದ ಪುಸ್ತಕವನ್ನು ತೆರೆದೆ. ಹಳದಿ ಎಂದುಕೊಂಡಿದ್ದ ಹಾಳೆ ಬೆಳ್ಳಗಿತ್ತು. ಕಪ್ಪು ಎಂದುಕೊಂಡಿದ್ದ ಶಾಯಿ ಕಡುನೀಲಿಯಾಗಿತ್ತು. ಎಷ್ಟು ವರ್ಷಗಳಿಂದ ನಾನು ತಪ್ಪು ಬಣ್ಣಗಳಿಗೆ ಸಹಿ ಹಾಕುತ್ತಿದ್ದೆನೋ!

ಹಣದ ವಿಚಾರ

ಈಗ ನನಗೆ ತಿಳಿದ ವಿಷಯಕ್ಕೆ ಬರುತ್ತೇನೆ. ಸಾಮಾನ್ಯ ಮಸೂರದೊಂದಿಗೆ ಒಂದು ಕಣ್ಣಿಗೆ ನನಗಾದ ಖರ್ಚು 32,000 ರೂ. ಹಣವನ್ನು ಕುರಿತು ಗಮನಿಸಬೇಕಾದ ಅಂಶಗಳು ಇವು.

ಒಂದು, ವಿಮೆಯ ಒಳಮಿತಿ. ಐದು ಲಕ್ಷದ ಪಾಲಿಸಿ ಇದ್ದ ಮಾತ್ರಕ್ಕೆ ಪೊರೆಗೆ ಐದು ಲಕ್ಷ ಸಿಗುವುದಿಲ್ಲ. ಉದಾಹರಣೆಗೆ, 2020ರ ಏಪ್ರಿಲ್‌ನಲ್ಲಿ ಎಲ್ಲ ಕಂಪನಿಗಳಿಗೂ ಸಮಾನವಾಗಿ ಜಾರಿಗೆ ಬಂದ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಪೊರೆಗೆ ನಿಗದಿಯಾದುದು ವಿಮಾ ಮೊತ್ತದ ಶೇ. 25 ಅಥವಾ ಕಣ್ಣೊಂದಕ್ಕೆ 40,000 ರೂ., ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಅದಕ್ಕೂ 24 ತಿಂಗಳ ಕಾಯುವ ಅವಧಿಯಿದೆ. ಆದ್ದರಿಂದ ನಲವತ್ತೈದರ ಆಸುಪಾಸಿನಲ್ಲಿಯೇ, ಪೊರೆಯ ಸುಳಿವು ಬರುವುದಕ್ಕೆ ಮುಂಚೆಯೇ, ವಿಮೆ ಮಾಡಿಸಿರಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಜಿ.ಎಸ್.ಟಿ.ಯನ್ನು ತೆಗೆದುಹಾಕಿದ ಮೇಲೆ ನೆಪಕ್ಕೂ ಅವಕಾಶ ಕಡಿಮೆ. ಆದರೆ ಪೊರೆ ಬಲಿತ ಮೇಲೆ ಕಾಯುವ ಅವಧಿಗಾಗಿ ಕಾಯಬೇಡಿ. ನನ್ನ ಮಿತ್ರರ ಕಣ್ಣು ಆ ಅವಧಿಯಲ್ಲಿಯೇ ಹೋಯಿತು.

ಎರಡು, ಮಸೂರದ ಆಯ್ಕೆ. ಒಂದೇ ದೂರಕ್ಕೆ ಹೊಂದುವ ಸಾಮಾನ್ಯ ಮಸೂರ, ಅಡ್ಡದೃಷ್ಟಿದೋಷ ಸರಿಪಡಿಸುವ ಟೋರಿಕ್, ದೂರ ಮತ್ತು ಹತ್ತಿರ ಎರಡಕ್ಕೂ ಹೊಂದುವ ಮಲ್ಟಿಫೋಕಲ್, ಹೀಗೆ ಬೆಲೆ ಏರುತ್ತ ಹೋಗುತ್ತದೆ. ಹೆಚ್ಚು ಬೆಲೆಯದು ಎಲ್ಲರಿಗೂ ಒಳ್ಳೆಯದಲ್ಲ. ಮಲ್ಟಿಫೋಕಲ್ ಇಟ್ಟುಕೊಂಡ ಕೆಲವರಿಗೆ ರಾತ್ರಿ ದೀಪಗಳ ಸುತ್ತ ಬಳೆಗಳು ಕಾಣುತ್ತವೆ. ರಾತ್ರಿ ಪ್ರಯಾಣ ಹೆಚ್ಚಿರುವ ವರ್ತಕರು ಇದನ್ನು ಕೇಳಿ ತಿಳಿಯಬೇಕು. ನಾನು ಸಾಮಾನ್ಯ ಮಸೂರವನ್ನೇ ಆಯ್ದು, ಓದಲು ಕನ್ನಡಕ ಬಳಸುತ್ತಿದ್ದೇನೆ. ಯಂತ್ರ ಕೊಳ್ಳುವಾಗ ನಮ್ಮ ಕೆಲಸಕ್ಕೆ ಯಾವುದು ಬೇಕೆಂದು ನೋಡುತ್ತೇವಲ್ಲದೆ ಪಟ್ಟಿಯಲ್ಲಿ ಯಾವುದು ದುಬಾರಿ ಎಂದಲ್ಲ. ತಯಾರಕರ ಹೆಸರು, ಶಕ್ತಿ ಮತ್ತು ಕ್ರಮಾಂಕವಿರುವ ಮಸೂರದ ಚೀಟಿಯನ್ನು ಬಿಡುಗಡೆ ಪತ್ರಕ್ಕೆ ಅಂಟಿಸಿಕೊಡುತ್ತಾರೆ. ಅದನ್ನು ವೋಚರಿನಂತೆ ಜೋಪಾನ ಮಾಡಿರಿ.

ಮೂರು, ತೆರಿಗೆ. ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ, 80-ಡಿ ಎಂದು ನಾವೆಲ್ಲ ಬಲ್ಲ ರಿಯಾಯಿತಿಯಲ್ಲಿ, ವಿಮೆಯಿಲ್ಲದ 60 ವರ್ಷ ಮೀರಿದವರ ವೈದ್ಯಕೀಯ ವೆಚ್ಚಕ್ಕೆ 50,000 ರೂ.ವರೆಗೆ ಕಡಿತ ದೊರೆಯುತ್ತದೆ. ಆದರೆ ಹಣವನ್ನು ನಗದಾಗಿ ಕೊಟ್ಟಿರಬಾರದು. ತಂದೆ ತಾಯಿಯರ ಚಿಕಿತ್ಸೆಗೆ ನೋಟಿನ ಕಟ್ಟು ಕೊಟ್ಟು ಬಂದು, ಮಾರ್ಚ್‌ನಲ್ಲಿ ನನ್ನೆದುರು ರಸೀದಿ ಇಡುವವರು ಪ್ರತಿವರ್ಷವೂ ಇದ್ದಾರೆ.

ಶಸ್ತ್ರಚಿಕಿತ್ಸೆಯನ್ನು ವ್ಯಾಪಾರದ ವೆಚ್ಚವೆಂದು ಬರೆಯಬಹುದೇ ಎಂದು ಕೇಳುವವರೂ ಇದ್ದಾರೆ. ಹಿರಿಯ ವಕೀಲ ಶಾಂತಿಭೂಷಣ್ ಅವರು ತಮ್ಮ ಹೃದಯದ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ವೃತ್ತಿಯ ಖರ್ಚೆಂದು ವಾದಿಸಿದ್ದರು. ಹೃದಯವನ್ನು ಯಂತ್ರೋಪಕರಣಗಳ ಸಾಲಿಗೆ ಸೇರಿಸಲಾಗದೆಂದು ದೆಹಲಿ ಉಚ್ಚ ನ್ಯಾಯಾಲಯ 2011ರಲ್ಲಿ ಆ ವಾದವನ್ನು ತಳ್ಳಿಹಾಕಿತು. ಕಾನೂನಿನ ದೃಷ್ಟಿಯಲ್ಲಿ ಕಣ್ಣು ಆಸ್ತಿಪಟ್ಟಿಯಲ್ಲಿ ಬರುವುದಿಲ್ಲ, ಅದಕ್ಕೆ ಸವಕಳಿಯೂ ಇಲ್ಲ. ಆದರೆ ಅದು ಸವೆಯುತ್ತದೆ. ಗಿರಣಿಯ ಬೇರಿಂಗು ಸದ್ದು ಮಾಡಿದರೆ ಅಂದೇ ಮೆಕ್ಯಾನಿಕನನ್ನು ಕರೆಯುವ ನಾವು, ಕಣ್ಣು ಮಂಜಾದರೆ ದೀಪಾವಳಿ ಕಳೆಯಲಿ ಎನ್ನುತ್ತೇವೆ.

ಸಂಸ್ಥೆಗೆ ಒಂದು ಸೂಚನೆ

ನಮ್ಮ ಸಂಸ್ಥೆಯ ಆಡಳಿತ ಮಂಡಳಿಯ ಮುಂದೆ ಒಂದು ಸೂಚನೆಯನ್ನು ಇಡಬಯಸುತ್ತೇನೆ. ನಾವು ನೇತ್ರ ಶಿಬಿರಗಳನ್ನು ನಡೆಸುತ್ತೇವೆ, ಛಾಯಾಚಿತ್ರಗಳನ್ನು ಪ್ರಕಟಿಸುತ್ತೇವೆ. ಅದರ ನಂತರ ಯಾರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಯಾರು ಮುಂದೂಡಿದರು ಎಂದು ವಿಚಾರಿಸುವುದಿಲ್ಲ. ಇನ್ನು ಮುಂದೆ ಪ್ರತಿವರ್ಷ ಒಂದು ನಿಗದಿತ ತಿಂಗಳಿನಲ್ಲಿ ಊರಿನ ನೇತ್ರತಜ್ಞರ ನೆರವಿನಿಂದ ಸದಸ್ಯರಿಗೂ, ಅವರ ಗುಮಾಸ್ತರು, ಹಮಾಲರು, ಲಾರಿ ಚಾಲಕರಿಗೂ ತಪಾಸಣೆ ನಡೆಯಲಿ. ಕಣ್ಣಿನ ಒತ್ತಡವನ್ನೂ ಅಕ್ಷಿಪಟಲವನ್ನೂ ತಪ್ಪದೆ ನೋಡಲಿ. ಶಸ್ತ್ರಚಿಕಿತ್ಸೆಯ ಸಲಹೆ ಪಡೆದವರದೊಂದು ಪಟ್ಟಿ, ಅವರ ಒಪ್ಪಿಗೆಯೊಂದಿಗೆ, ಕಾರ್ಯದರ್ಶಿಗಳ ಬಳಿ ಇರಲಿ. ಮೂರು ತಿಂಗಳ ನಂತರ ಒಬ್ಬೊಬ್ಬರಿಗೂ ದೂರವಾಣಿ ಮಾಡಿ ವಿಚಾರಿಸಲಿ. ಬಾಕಿದಾರರ ಪಟ್ಟಿಯನ್ನು ಹೇಗೆ ಬೆನ್ನಟ್ಟಬೇಕೆಂದು ವರ್ತಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಣ ಕೊಡಲಾರದ ನೌಕರರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಮಸೂರ ಸಹಿತ ಉಚಿತ ಶಸ್ತ್ರಚಿಕಿತ್ಸೆಯ ವ್ಯವಸ್ಥೆ ಇದೆ. ಅವರಿಗೆ ಬೇಕಾದುದು ಒಂದು ವಾರದ ಸಂಬಳ ಸಹಿತ ರಜೆ ಮತ್ತು ಜೊತೆಗೊಬ್ಬರು. ಅಷ್ಟನ್ನು ಮಾಲೀಕರು ಕೊಡಬಹುದು.

ನನ್ನ ಮಿತ್ರರು ಎಡಗಣ್ಣಿನ ಶಸ್ತ್ರಚಿಕಿತ್ಸೆಯನ್ನು ಅದೇ ವೈದ್ಯರಲ್ಲಿ, ಅವರು ಹೇಳಿದ ದಿನವೇ ಮಾಡಿಸಿಕೊಂಡರು. ವಿಮೆಯ ಅವಧಿ ಅಷ್ಟರಲ್ಲಿ ಮುಗಿದಿತ್ತು, ಹಣವೂ ಬಂದಿತು. ಇಂದಿಗೂ ವ್ಯಾಪಾರ ನಡೆಸುತ್ತಿದ್ದಾರೆ. ನಾನು ಆಢಾವೆ ಪತ್ರಿಕೆಯನ್ನು ಮುಂದಿಟ್ಟಾಗ ಕಾಗದವನ್ನು ಸ್ವಲ್ಪ ಎಡಕ್ಕೆ ಸರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ ಸಹಿ ಹಾಕುತ್ತಾರೆ. ನನ್ನನ್ನು ಅವರು ಒಮ್ಮೆಯೂ ದೂರಲಿಲ್ಲ. ಈಗ ಯಾರಾದರೂ ಕಕ್ಷಿದಾರರು ವೈದ್ಯರ ಚೀಟಿ ಹಿಡಿದು "ಕಾಯಬಹುದೇ?" ಎಂದು ಕೇಳಿದರೆ ನಾನು ಪಾಲಿಸಿಯನ್ನು ತೆರೆಯುವುದಿಲ್ಲ. ಮೊದಲು ವೈದ್ಯರು ಹೇಳಿದ ದಿನ ಯಾವುದೆಂದು ಕೇಳುತ್ತೇನೆ.